ಗಾಳಕ್ಕೆ ಬಿದ್ದ ಪಫರ್ ಮೀನನ್ನು ತಿನ್ನಬಹುದಾ? ಒಲೆ ಹಚ್ಚುವ ಮುಂಚೆ ಇದನ್ನು ಓದಿ

"ನಮ್ಮ ಕಡೆ ನೀರಲ್ಲಿ ಪಫರ್ ಮೀನು ಸಿಕ್ಕಿದೆ. ಜಪಾನಿನವರು ಇದನ್ನೇ ದುಡ್ಡು ಕೊಟ್ಟು ತಿಂತಾರಂತೆ. ಹೇಗೆ ಕೊಯ್ಯೋದು, ಹೇಗೆ ಬೇಯಿಸೋದು ಹೇಳಿ." ಈ ಪ್ರಶ್ನೆಯನ್ನು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಅದಕ್ಕೇ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನೀವೇ ಹಿಡಿದ ಪಫರ್ ಮೀನನ್ನು ಮನೆಯಲ್ಲಿ ಕೊಯ್ದು ತಿನ್ನಬೇಡಿ. ಅದರ ಮೈಯಲ್ಲಿ ಜೀವ ತೆಗೆಯುವಂಥ ವಿಷ ಇರಬಹುದು. ಎಷ್ಟು ಸಲ ತೊಳೆದರೂ, ಎಷ್ಟು ಹೊತ್ತು ಬೇಯಿಸಿದರೂ ಬೇಡ.

ಜಪಾನಿನವರು ತಿನ್ನುವುದು ನಿಜ. ಅಮೆರಿಕದ ಪೂರ್ವ ಕರಾವಳಿಯ ಒಂದು ಭಾಗದಲ್ಲೂ ಒಂದು ಜಾತಿಯ ಪಫರನ್ನು ತಿನ್ನುತ್ತಾರೆ. ಹಾಗಾದರೆ ನಮಗೇಕೆ ಆಗದು ಅಂತ ಕೇಳುವುದು ಸಹಜ, ಅಲ್ವಾ? ಅವರನ್ನು ಕಾಯುತ್ತಿರುವುದು ಅಡುಗೆಯ ವಿಧಾನ ಅಲ್ಲ. ಯಾವ ಜಾತಿಯ ಮೀನು, ಯಾವ ನೀರಿನದ್ದು, ಕೊಯ್ದವರು ಯಾರು ಅನ್ನುವುದು ಖಚಿತವಾಗಿ ಗೊತ್ತಿರುವುದೇ ಅವರನ್ನು ಕಾಯುತ್ತದೆ. ಆ ಮೂರೂ ಗೊತ್ತಿಲ್ಲದಿದ್ದರೆ ಎಂಥಾ ಅಡುಗೆಯವರೂ ಏನೂ ಮಾಡಲಾರರು.

ಮೀನು ಸಿಕ್ಕ ಕ್ಷಣದಿಂದ ಏನೇನು ಮಾಡಬೇಕು ಅಂತ ಒಂದೊಂದೇ ಹಂತವಾಗಿ ನೋಡೋಣ. ಹತ್ತಿರ ಇರಬೇಕಾದ್ದು ಇಷ್ಟೇ: ದಪ್ಪ ಕೈಗವಸು, ಉದ್ದ ಮೂತಿಯ ಇಕ್ಕಳ, ಒಂದು ಬಕೆಟ್ ನೀರು, ಫೋಟೊ ತೆಗೆಯಲು ಫೋನ್. ಆ ಫೋನಿನಲ್ಲಿ ಆಂಬುಲೆನ್ಸ್ ಸಂಖ್ಯೆಯೂ ಇರಲಿ.

ಹಂತ 1: ಸಿಕ್ಕಿದ್ದು ಪಫರ್ ಹೌದೇ ನೋಡಿ

ಪಫರ್ ಮೀನಿನ ಮೈ ದುಂಡು, ತಲೆ ದಪ್ಪ. ಬೇರೆ ಮೀನುಗಳಿಗೆ ಇರುವಂಥ ಹುರುಪೆ ಇದಕ್ಕಿಲ್ಲ. ಚರ್ಮ ನುಣ್ಣಗಿರುತ್ತದೆ, ಇಲ್ಲವೇ ಸಣ್ಣ ಮುಳ್ಳುಗಳಿಂದ ತರಿತರಿಯಾಗಿರುತ್ತದೆ. ಬೆನ್ನಿನ ಮೇಲೆ ಒಂದೇ ಈಜುರೆಕ್ಕೆ, ಅದೂ ಬಾಲದ ಹತ್ತಿರ. ಹೊಟ್ಟೆಯ ಕೆಳಗಡೆ ಜೋಡಿ ರೆಕ್ಕೆ ಇರುವುದಿಲ್ಲ. ಎಲ್ಲಕ್ಕಿಂತ ಒಳ್ಳೆಯ ಗುರುತು ಬಾಯಿ. ಮೇಲೆ ಎರಡು, ಕೆಳಗೆ ಎರಡು ಹಲ್ಲಿನ ಫಲಕಗಳು ಸೇರಿ ಗಿಳಿಯ ಕೊಕ್ಕಿನ ಆಕಾರ ಬಂದಿರುತ್ತದೆ. ಮೈತುಂಬ ಉದ್ದ ಮುಳ್ಳಿದ್ದು, ಹಲ್ಲಿನ ನಡುವೆ ಗೆರೆ ಇಲ್ಲದೆ ಮೇಲೊಂದು ಕೆಳಗೊಂದು ಫಲಕ ಮಾತ್ರ ಇದ್ದರೆ ಅದು ಪಫರ್‌ನ ಹತ್ತಿರದ ಸಂಬಂಧಿ, ಮುಳ್ಳುಹಂದಿ ಮೀನು. ಅದನ್ನೂ ತಿನ್ನಬೇಡಿ.

ಇಲ್ಲಿ ಜನ ಎಡವುವುದು ಎರಡು ಕಡೆ.

ಮೊದಲನೆಯದು, "ಉಬ್ಬಲಿಲ್ಲ, ಹಾಗಾಗಿ ಪಫರ್ ಅಲ್ಲ" ಅಂದುಕೊಳ್ಳುವುದು. ಪಫರ್ ಹೆದರಿದಾಗ ಮಾತ್ರ ನೀರನ್ನೋ ಗಾಳಿಯನ್ನೋ ನುಂಗಿ ಉಬ್ಬುತ್ತದೆ. ಸತ್ತ ಮೀನು ಉಬ್ಬುವುದಿಲ್ಲ. ತಲೆ, ಚರ್ಮ ತೆಗೆದ ಮೇಲಂತೂ ಅದು ಯಾವುದೋ ಬಿಳಿ ಮೀನಿನ ಹಾಗೆ ಕಾಣುತ್ತದೆ. 2007ರಲ್ಲಿ ಅಮೆರಿಕದ ಶಿಕಾಗೊದಲ್ಲಿ ಹೀಗೇ ಆಯಿತು. ಮಂಕ್‌ಫಿಶ್ ಅನ್ನುವ ಬೇರೆ ಮೀನಿನ ಹೆಸರಿನಲ್ಲಿ ಬಂದಿದ್ದ ಹೆಪ್ಪುಗಟ್ಟಿಸಿದ ಮೀನಿನ ಸಾರು ಕುಡಿದು ಇಬ್ಬರು ಕಾಯಿಲೆ ಬಿದ್ದರು. ಪೆಟ್ಟಿಗೆಯಲ್ಲಿ ಇದ್ದದ್ದು ಪಫರ್. ಆದ್ದರಿಂದ ತಲೆ, ಚರ್ಮ ಇಲ್ಲದ, ಗುರುತು ಸಿಗದ ಮೀನನ್ನೂ, ಯಾವ ಮೀನಿನದ್ದು ಅಂತ ಹೇಳಲಾಗದ ಮೊಟ್ಟೆಯನ್ನೂ ಮನೆಗೆ ತರಬೇಡಿ.

ಎರಡನೆಯದು, "ಇದು ವಿಷ ಇಲ್ಲದ ಜಾತಿ" ಅಂತ ಕಣ್ಣಳತೆಯಲ್ಲಿ ತೀರ್ಮಾನಿಸುವುದು. ಪಫರ್ ಕುಟುಂಬದಲ್ಲಿ ಸುಮಾರು 200 ಜಾತಿಗಳಿವೆ. ಲ್ಯಾಗೊಸೆಫಾಲಸ್ ಗುಂಪಿನ ಉದಾಹರಣೆ ನೋಡಿ. ಇದರಲ್ಲಿ ಕೆಲವು ಜಾತಿಗಳ ಮಾಂಸದಲ್ಲಿ ಅಷ್ಟಾಗಿ ವಿಷ ಇರುವುದಿಲ್ಲ. ಆದರೆ ಅದೇ ಬಣ್ಣ, ಅದೇ ಆಕಾರದ ಲ್ಯಾಗೊಸೆಫಾಲಸ್ ಲುನಾರಿಸ್ ಎಂಬ ಜಾತಿಯ ಮಾಂಸವೇ ವಿಷ. ಎರಡನ್ನೂ ಬೇರೆ ಮಾಡಿ ಹೇಳಲು ಬೆನ್ನಿನ ಸಣ್ಣ ಮುಳ್ಳುಗಳು ಎಲ್ಲಿಯವರೆಗೆ ಹಬ್ಬಿವೆ ಅನ್ನುವುದನ್ನು ನೋಡಬೇಕಾಗುತ್ತದೆ. ದೋಣಿಯ ಮೇಲೆ, ಒದ್ದೆ ಕೈಯಲ್ಲಿ, ಸಂಜೆ ಬೆಳಕಿನಲ್ಲಿ ಮಾಡುವ ಕೆಲಸವಲ್ಲ ಅದು. ಇದರ ಮೇಲೆ ಎರಡು ಜಾತಿ ಬೆರೆತು ಹುಟ್ಟಿದ ಮೀನುಗಳೂ ಇವೆ. ಜಪಾನಿನ ಕಡಲಿನಲ್ಲಿ ಇಂಥವು ಸಿಕ್ಕಿದಾಗ ಅಲ್ಲಿಯ ಪರಿಣತರೇ ಗುರುತು ಹಿಡಿಯಲು ಪರದಾಡುತ್ತಾರೆ.

ಹಂತ 2: ಕೈ ಜೋಪಾನ, ಆಮೇಲೆ ಮೀನನ್ನು ಬಿಡಿ

ಪಫರ್‌ನ ಕೊಕ್ಕು ಚಿಪ್ಪು, ಏಡಿಗಳನ್ನು ಪುಡಿಮಾಡಲು ಇರುವಂಥದ್ದು. ದೊಡ್ಡ ಮೀನಾದರೆ ಬೆರಳನ್ನೇ ತುಂಡರಿಸಬಲ್ಲದು. ಹಾಗಾಗಿ ಬಾಯಿಯೊಳಗೆ ಬೆರಳು ಹಾಕಬೇಡಿ. ಗಾಳವನ್ನು ಇಕ್ಕಳದಿಂದ ಬಿಡಿಸಿ. ತೀರಾ ಒಳಕ್ಕೆ ಹೋಗಿದ್ದರೆ ದಾರವನ್ನು ಬಾಯಿಯ ಹತ್ತಿರ ಕತ್ತರಿಸಿಬಿಡಿ.

ಫೋಟೊ ತೆಗೆಯಲಿಕ್ಕೆ ಅಂತ ಮೀನನ್ನು ಕೆಣಕಿ ಉಬ್ಬಿಸಬೇಡಿ. ಅದು ಜೀವಭಯದಿಂದ ಮಾಡುವ ಕೆಲಸ, ಅದಕ್ಕೆ ತುಂಬಾ ಆಯಾಸವಾಗುತ್ತದೆ. ನೀರಿನಿಂದ ಹೊರಗೆ ಉಬ್ಬಿದರೆ ಹೊಟ್ಟೆಗೆ ಗಾಳಿ ತುಂಬಿಕೊಳ್ಳುತ್ತದೆ, ಆಮೇಲೆ ನೀರಿಗೆ ಬಿಟ್ಟರೂ ಮುಳುಗಲಾಗದೆ ತೇಲುತ್ತದೆ. ಹಾಗೇನಾದರೂ ಆದರೆ ಕೈಗವಸು ಹಾಕಿಕೊಂಡು, ಮೀನನ್ನು ಪೂರ್ತಿ ನೀರೊಳಗೆ ಹಿಡಿದು, ಬಾಯಿ ಮೇಲಕ್ಕೆ ಬರುವಂತೆ ಸ್ವಲ್ಪ ಓರೆ ಮಾಡಿ. ಗಾಳಿ ತಾನಾಗಿ ಹೊರಬರುತ್ತದೆ. ಹೊಟ್ಟೆ ಒತ್ತಬೇಡಿ.

ಬಿಡುವ ಮುಂಚೆ ಒಂದು ಮಾತು. ಕೆಲವು ಪಫರ್‌ಗಳು ಹೊರಗಿನಿಂದ ಬಂದು ಸೇರಿಕೊಂಡವು. ಬೆಳ್ಳಿ ಕೆನ್ನೆಯ ಲ್ಯಾಗೊಸೆಫಾಲಸ್ ಸ್ಕೆಲರೇಟಸ್ ಎಂಬ ಜಾತಿ ಸೂಯೆಜ್ ಕಾಲುವೆ ದಾಟಿ ಮೆಡಿಟರೇನಿಯನ್ ಸಮುದ್ರಕ್ಕೆ ನುಗ್ಗಿದೆ. ಟರ್ಕಿ ಮತ್ತು ಸೈಪ್ರಸ್‌ನಲ್ಲಿ ಇದನ್ನು ಹಿಡಿದು ಒಪ್ಪಿಸಿದ ಮೀನುಗಾರರಿಗೆ ಸರ್ಕಾರವೇ ಹಣ ಕೊಟ್ಟಿದೆ. ನಿಮ್ಮ ಕಡೆಯ ಮೀನುಗಾರಿಕೆ ಇಲಾಖೆಯ ನಿಯಮ ಏನಿದೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಮುಟ್ಟಿದ ಮಾತ್ರಕ್ಕೆ ವಿಷ ಏರುವುದಿಲ್ಲ. ಆದರೂ ಕೈಯಲ್ಲಿ ಗಾಯ ಇದ್ದರೆ ಮುಟ್ಟಬೇಡಿ, ಮುಟ್ಟಿದ ಮೇಲೆ ಸೋಪು ಹಚ್ಚಿ ತೊಳೆಯಿರಿ. ಪಫರ್ ಸತ್ತುಹೋಗಿದ್ದರೆ ಅದನ್ನು ಬೇರೆ ಮೀನುಗಳ ಜೊತೆ ಒಂದೇ ಬುಟ್ಟಿಗೆ ಹಾಕಬೇಡಿ. ದಡದಲ್ಲಿ ಎಸೆದು ಬರಲೂಬೇಡಿ. ನಾಯಿ, ಬೆಕ್ಕು, ಕೋಳಿ ತಿಂದರೆ ಅವೂ ಸಾಯುತ್ತವೆ. ಎರಡು ಚೀಲದೊಳಗೆ ಬಿಗಿಯಾಗಿ ಕಟ್ಟಿ, ಮುಚ್ಚಳ ಇರುವ ಕಸದ ಡಬ್ಬಿಗೆ ಹಾಕಿ.

ಹಂತ 3: ವಿಷ ಎಲ್ಲಿದೆ, ಎಷ್ಟಿದೆ ಅಂತ ತಿಳಿದುಕೊಳ್ಳಿ

ಈ ವಿಷದ ಹೆಸರು ಟೆಟ್ರೊಡೊಟಾಕ್ಸಿನ್. 1909ರಲ್ಲಿ ಜಪಾನಿನ ತಹಾರಾ ಯೋಶಿಜುಮಿ ಪಫರ್‌ನ ಮೊಟ್ಟೆಚೀಲದಿಂದ ತೆಗೆದ ವಿಷಕ್ಕೆ ಈ ಹೆಸರಿಟ್ಟರು. ಇದು ಮಾಡುವ ಕೆಲಸ ಸರಳ. ನಮ್ಮ ನರಗಳು ಸಂದೇಶ ಸಾಗಿಸಲು ಸೋಡಿಯಂ ಚಾನೆಲ್ ಎಂಬ ಸಣ್ಣ ಸಣ್ಣ ದ್ವಾರಗಳನ್ನು ತೆರೆಯುತ್ತವೆ. ಬೀಗದ ಕಂಡಿಗೆ ಕಡ್ಡಿ ಸಿಕ್ಕಿಸಿದ ಹಾಗೆ ಈ ವಿಷ ಆ ದ್ವಾರಕ್ಕೆ ಬಂದು ಕೂರುತ್ತದೆ. ಸಂದೇಶ ನಿಂತುಹೋಗುತ್ತದೆ. ಕೈಕಾಲು ಆಡುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯುಗಳೂ ನಿಲ್ಲುತ್ತವೆ. ಆದರೆ ವಿಷ ಮೆದುಳಿನೊಳಗೆ ಅಷ್ಟಾಗಿ ಸೇರುವುದಿಲ್ಲ. ಹಾಗಾಗಿ ಮೈ ಕಲ್ಲಾದರೂ ಪ್ರಜ್ಞೆ ಇರುತ್ತದೆ.

ದೊಡ್ಡವರೊಬ್ಬರ ಜೀವ ತೆಗೆಯಲು 2 ಮಿಲಿಗ್ರಾಂ ಸಾಕು ಅಂತ ಅಂದಾಜು. ಜಪಾನಿನಲ್ಲಿ ಪಫರ್‌ನ ಅಂಗಾಂಗಗಳನ್ನು ವಿಷದ ಪ್ರಮಾಣದ ಮೇಲೆ ವಿಂಗಡಿಸಿದ್ದಾರೆ. ಅವುಗಳಲ್ಲಿ "ಕಡು ವಿಷ" ಅಂತ ಕರೆಯುವುದು 10 ಗ್ರಾಂಗಿಂತ ಕಡಿಮೆ ತಿಂದರೂ ಸಾಯುವಂಥದ್ದನ್ನು. 10 ಗ್ರಾಂ ಅಂದರೆ ಒಂದು ಸಣ್ಣ ತುತ್ತು, ಅಷ್ಟೇ.

ಸಾಮಾನ್ಯವಾಗಿ ಲಿವರ್ ಮತ್ತು ಮೊಟ್ಟೆಚೀಲದಲ್ಲಿ ವಿಷ ಜಾಸ್ತಿ. ಕರುಳು, ಚರ್ಮದಲ್ಲೂ ಇರುತ್ತದೆ. ಕೆಲವು ಜಾತಿಗಳಲ್ಲಿ ಮಾಂಸದಲ್ಲೇ ಇರುತ್ತದೆ. "ಒಳಗಿನದ್ದೆಲ್ಲ ತೆಗೆದರೆ ಆಯ್ತು" ಅನ್ನುವ ಸಲಹೆ ಅಪಾಯ ಅನ್ನುವುದು ಇದಕ್ಕೇ. ಜಾತಿ ಬದಲಾದರೆ ವಿಷ ಇರುವ ಜಾಗ ಬದಲಾಗುತ್ತದೆ. ಒಂದೇ ಜಾತಿಯಲ್ಲೂ ಊರಿಂದ ಊರಿಗೆ, ಕಾಲದಿಂದ ಕಾಲಕ್ಕೆ, ಮೀನಿನಿಂದ ಮೀನಿಗೆ ಪ್ರಮಾಣ ಬೇರೆ. ಮೊಟ್ಟೆ ಇಡುವ ಕಾಲದಲ್ಲಿ ಏರುತ್ತದೆ. ಕಾರಣ ಏನೆಂದರೆ ಮೀನು ಈ ವಿಷವನ್ನು ತಾನೇ ತಯಾರಿಸುವುದಿಲ್ಲ. ಕೆಲವು ಬ್ಯಾಕ್ಟೀರಿಯಾಗಳು ತಯಾರಿಸುತ್ತವೆ, ಅವನ್ನು ಒಳಗಿಟ್ಟುಕೊಂಡ ಸಣ್ಣ ಜೀವಿಗಳನ್ನು ಮೀನು ತಿನ್ನುತ್ತದೆ, ವಿಷ ಅದರ ಮೈಯಲ್ಲಿ ಕೂಡಿಕೊಳ್ಳುತ್ತದೆ. ವಿಷ ಇಲ್ಲದ ಆಹಾರ ಕೊಟ್ಟು ತೊಟ್ಟಿಯಲ್ಲಿ ಸಾಕಿದ ಪಫರ್‌ನಲ್ಲಿ ವಿಷ ಕಾಣಿಸದಿರುವುದೂ ಇದರಿಂದಲೇ. ನೀವು ಹಿಡಿದ ಮೀನು ಏನೇನು ತಿಂದಿದೆ ಅಂತ ಯಾರು ಹೇಳಬೇಕು?

ಇನ್ನು ಅಡುಗೆ. ಈ ವಿಷ ಬಿಸಿಗೆ ಜಗ್ಗುವುದಿಲ್ಲ. ಕುದಿಸಿದರೆ, ಕರಿದರೆ, ಸುಟ್ಟರೆ ಹೋಗುವುದಿಲ್ಲ. ಫ್ರೀಜರ್‌ನಲ್ಲಿ ಇಟ್ಟರೂ, ಉಪ್ಪು ಹಾಕಿ ಒಣಗಿಸಿದರೂ ಇರುತ್ತದೆ. ನಿಂಬೆಹುಳಿ ಹಿಂಡಿದರೆ ಏನೂ ಆಗುವುದಿಲ್ಲ. ಬೇಯಿಸಿದಾಗ ವಿಷ ಸಾರಿಗೆ ಇಳಿಯುವುದರಿಂದ "ಸುಮ್ನೆ ಸಾರು ಮಾತ್ರ ಕುಡಿದೆ" ಅನ್ನುವವರೂ ಬಚಾವಾಗುವುದಿಲ್ಲ. ಅದಕ್ಕೆ ಬಣ್ಣ, ವಾಸನೆ, ರುಚಿ ಇಲ್ಲ. ಮನೆಯಲ್ಲಿ ಪರೀಕ್ಷಿಸುವ ದಾರಿಯೂ ಇಲ್ಲ, ಪ್ರಯೋಗಾಲಯವೇ ಬೇಕು.

"ನಾಲಿಗೆಗೆ ಸ್ವಲ್ಪ ಇಟ್ಟು ನೋಡಿ, ಜುಮ್ಮೆನ್ನದಿದ್ದರೆ ತಿನ್ನಿ" ಅನ್ನುವ ಮಾತು ಎಲ್ಲಾದರೂ ಕೇಳಿದ್ದರೆ ಮರೆತುಬಿಡಿ. ಲಕ್ಷಣ ಕಾಣಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಊಟ ಮುಗಿದಿರುತ್ತದೆ. 1774ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ಮತ್ತು ಅವರ ಹಡಗಿನಲ್ಲಿದ್ದ ಪ್ರಕೃತಿ ವಿಜ್ಞಾನಿಗಳು, ಫಾರ್ಸ್ಟರ್ ತಂದೆ ಮಗ, ನ್ಯೂ ಕ್ಯಾಲೆಡೋನಿಯಾದಲ್ಲಿ ಪಫರ್‌ನ ಲಿವರ್ ಮತ್ತು ಮೊಟ್ಟೆಯನ್ನು ಬರೀ ರುಚಿ ನೋಡಿದ್ದರು. ರಾತ್ರಿ ಕೈಕಾಲು ಮರಗಟ್ಟಿ ಎದ್ದು ಕೂತರು. ಅವರು ಬದುಕಿಕೊಂಡರು. ಅದೇ ಮೀನಿನ ಒಳಭಾಗ ತಿಂದ ಹಡಗಿನ ಹಂದಿ ಸತ್ತಿತು.

ಹಂತ 4: "ಈ ನೀರಿನ ಮೀನು ಪರವಾಗಿಲ್ಲ" ಅನ್ನುವ ಮಾತನ್ನು ಪರೀಕ್ಷಿಸಿ

ಯಾರೋ ಹಿರಿಯರು "ನಾವು ಬಹಳ ಕಾಲದಿಂದ ತಿಂತಿದ್ದೇವೆ, ಏನೂ ಆಗಿಲ್ಲ" ಅನ್ನಬಹುದು. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ನೀರು ಬದಲಾಗುತ್ತದೆ. ಅಮೆರಿಕದ ಫ್ಲಾರಿಡಾದ ಇಂಡಿಯನ್ ರಿವರ್ ಲಗೂನ್ ಎಂಬ ಹಿನ್ನೀರಿನ ಪಫರ್ ತಿಂದು 2002ರಿಂದ 2004ರ ಒಳಗೆ 28 ಜನ ಕಾಯಿಲೆ ಬಿದ್ದರು. ಪರೀಕ್ಷಿಸಿದಾಗ ಸಿಕ್ಕಿದ್ದು ಟೆಟ್ರೊಡೊಟಾಕ್ಸಿನ್ ಅಲ್ಲ, ಸ್ಯಾಕ್ಸಿಟಾಕ್ಸಿನ್ ಎಂಬ ಇನ್ನೊಂದು ನರವಿಷ. ಅದು ಬಂದದ್ದು ನೀರಿನ ಸೂಕ್ಷ್ಮ ಪಾಚಿಯಿಂದ. ಇದು ಮಾಂಸದಲ್ಲೇ ಇತ್ತು, ಇದೂ ಬೇಯಿಸಿದರೆ ಹೋಗುವುದಿಲ್ಲ. ಅಲ್ಲಿನ ಐದು ಕೌಂಟಿಗಳ ನೀರಿನಲ್ಲಿ ಪಫರ್ ಹಿಡಿಯುವುದನ್ನೇ ನಿಷೇಧಿಸಿದರು. ಇತ್ತ ಅದೇ ದೇಶದ ವರ್ಜೀನಿಯಾದಿಂದ ನ್ಯೂಯಾರ್ಕ್‌ವರೆಗಿನ ಕರಾವಳಿಯ ನಾರ್ದರ್ನ್ ಪಫರ್ ತಿನ್ನಲು ತೊಂದರೆಯಿಲ್ಲ ಅಂತ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಹೇಳುತ್ತದೆ. ಒಂದೇ ಕರಾವಳಿ, ಹತ್ತಿರದ ಜಾತಿಗಳು, ಆದರೆ ಉತ್ತರ ಬೇರೆ.

ಸಿಹಿನೀರಿನ ಪಫರ್ ಸುರಕ್ಷಿತ ಅನ್ನುವುದೂ ತಪ್ಪು. ಹೊಳೆ, ಕೆರೆಯ ಪಫರ್‌ಗಳಲ್ಲೂ ಸ್ಯಾಕ್ಸಿಟಾಕ್ಸಿನ್ ಸಿಕ್ಕಿದೆ. ಮೀನು ಚಿಕ್ಕದು, ಮರಿ ಅನ್ನುವುದೂ ಆಧಾರವಲ್ಲ.

ಹಾಗಾಗಿ ಈ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಇಂಥದ್ದೇ ಜಾತಿ ಅಂತ ತರಬೇತಾದವರು ಹೇಳಿದ್ದಾರಾ? ಈ ಜಾತಿ, ಈ ನೀರಿನಿಂದ ಹಿಡಿದದ್ದು ತಿನ್ನಬಹುದು ಅಂತ ಸರ್ಕಾರದ ಆಹಾರ ಇಲಾಖೆ ಬರಹದಲ್ಲಿ ಹೇಳಿದೆಯಾ? ಕೊಯ್ಯುವವರಿಗೆ ಪರವಾನಗಿ ಇದೆಯಾ? ಮೂರಕ್ಕೂ "ಹೌದು" ಬರದಿದ್ದರೆ ಮೀನು ನೀರಿಗೆ ವಾಪಸ್. ಮೂರರಲ್ಲಿ ಎರಡು ಬಂತು ಅಂತ ಮುಂದುವರಿಯಬೇಡಿ.

ಕಾನೂನನ್ನೂ ನೋಡಿ. ಯುರೋಪಿಯನ್ ಒಕ್ಕೂಟದಲ್ಲಿ ಪಫರ್ ಕುಟುಂಬದ ಮೀನುಗಳನ್ನು ಆಹಾರವಾಗಿ ಮಾರುವ ಹಾಗೇ ಇಲ್ಲ. ಥಾಯ್ಲೆಂಡ್ 2002ರಲ್ಲಿ ಮಾರಾಟವನ್ನು ನಿಷೇಧಿಸಿತು. ಜಪಾನಿನಲ್ಲಿ ಲೈಸನ್ಸ್ ಇದ್ದವರಷ್ಟೇ ಪಫರ್ ಕೊಯ್ಯಬಹುದು. ಅಲ್ಲೂ ಲಿವರ್ ಬಡಿಸುವುದು 1983ರಿಂದ ದೇಶದಾದ್ಯಂತ ನಿಷಿದ್ಧ. 1975ರಲ್ಲಿ ಪ್ರಸಿದ್ಧ ಕಬುಕಿ ನಟ ಎಂಟನೇ ಬಂದೊ ಮಿತ್ಸುಗೊರೊ ಕ್ಯೋಟೊದಲ್ಲಿ ಪಫರ್‌ನ ಲಿವರ್ ತಿಂದು ತೀರಿಕೊಂಡಿದ್ದರು. ಅಷ್ಟು ಕಾಲದ ಅನುಭವ, ಅಷ್ಟು ಬಿಗಿ ನಿಯಮ ಇರುವ ದೇಶದಲ್ಲೂ ಜನ ಸಾಯುತ್ತಾರೆ. ಮತ್ತು ಅಲ್ಲಿ ಕಾಯಿಲೆ ಬೀಳುವವರಲ್ಲಿ ಹೆಚ್ಚಿನವರು ಹೋಟೆಲಿನಲ್ಲಿ ತಿಂದವರಲ್ಲ, ತಾವೇ ಹಿಡಿದು ಮನೆಯಲ್ಲಿ ಕೊಯ್ದವರು. ಈ ಲೇಖನದಲ್ಲಿ ಒಂದೇ ಒಂದು ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಹಂತ 5: ಪರವಾನಗಿ ಇರುವವರಿಂದ ಬಂದ ಮಾಂಸ ಸಿಕ್ಕಿದರೆ

ಮೂರು ಪ್ರಶ್ನೆಗೂ "ಹೌದು" ಬಂದವರಿಗೆ ಮಾತ್ರ ಈ ಹಂತ. ಇಲ್ಲೂ ಇಡೀ ಮೀನನ್ನು ಮನೆಗೆ ತರಬೇಡಿ. ವಿಷದ ಭಾಗಗಳನ್ನು ಪರವಾನಗಿ ಇರುವ ಕಡೆಯೇ ತೆಗೆದು, ಜಾತಿ, ಹಿಡಿದ ಜಾಗ, ಕೊಯ್ದವರ ವಿವರ ಬರೆದು ಪ್ಯಾಕ್ ಮಾಡಿದ ಮಾಂಸವನ್ನೇ ತನ್ನಿ. ಚೀಟಿ ಹರಿದಿದ್ದರೆ, ವಿವರ ಇಲ್ಲದಿದ್ದರೆ ಬೇಡ.

ಪಫರ್‌ನ ಮಾಂಸದಲ್ಲಿ ಕೊಬ್ಬು ತುಂಬಾ ಕಡಿಮೆ, ಎಳೆ ಗಟ್ಟಿ. ಹಸಿಯಾಗಿ ಬಡಿಸುವಾಗ ಜಪಾನಿನಲ್ಲಿ ತಟ್ಟೆಯ ಚಿತ್ರ ಕಾಣುವಷ್ಟು ತೆಳ್ಳಗೆ ಕೊಯ್ಯುತ್ತಾರೆ, ಇಲ್ಲದಿದ್ದರೆ ಅಗಿಯುವುದು ಕಷ್ಟ. ಮನೆಯಲ್ಲಿ ಸುಲಭವಾದದ್ದು ಎರಡು. ಒಂದು, ಮೂಳೆ ಇರುವ ತುಂಡುಗಳನ್ನು ಸಣ್ಣ ಉರಿಯಲ್ಲಿ ಕುದಿಸಿ ತಿಳಿ ಸಾರು ಮಾಡುವುದು. ಇನ್ನೊಂದು, ನೀರಿನ ಪಸೆ ಒರೆಸಿ, ಉಪ್ಪು ಹಚ್ಚಿ, ತೆಳುವಾಗಿ ಹಿಟ್ಟು ಸವರಿ ಕರಿಯುವುದು. ಜಾಸ್ತಿ ಹೊತ್ತು ಬೇಯಿಸಿದರೆ ನಾರಾಗುತ್ತದೆ, ಮಾಂಸ ಬಿಳಿಯಾದ ಕೂಡಲೇ ಇಳಿಸಿ. ಮಸಾಲೆ ಕಡಿಮೆ ಇರಲಿ, ಇದರ ರುಚಿ ಮೆಲುವಾದದ್ದು. ಲಿವರ್ ಅಥವಾ ಮೊಟ್ಟೆ ಯಾರು ಕೊಟ್ಟರೂ, ಎಷ್ಟೇ ಒತ್ತಾಯ ಮಾಡಿದರೂ ತಿನ್ನಬೇಡಿ.

ರುಚಿಯಷ್ಟೇ ಬೇಕಾದರೆ ಮಂಕ್‌ಫಿಶ್‌ನ ಬಾಲದ ಮಾಂಸ ತಂದು ಹೀಗೇ ಮಾಡಿ. ಎಳೆ ಬಿಗಿಯಾಗಿರುವ, ಕೊಬ್ಬಿಲ್ಲದ ಬಿಳಿ ಮೀನು ಅದು. ಖರೀದಿಸುವ ಕಡೆ ನಂಬಿಕೆಯದ್ದಾಗಿರಲಿ.

ಹಂತ 6: ಯಾರಾದರೂ ತಿಂದುಬಿಟ್ಟಿದ್ದರೆ

ಸಾಮಾನ್ಯವಾಗಿ 10ರಿಂದ 45 ನಿಮಿಷದೊಳಗೆ ತುಟಿ, ನಾಲಿಗೆ ಜುಮ್ಮೆನ್ನುತ್ತವೆ. ಕೆಲವರಿಗೆ ಕೆಲವು ಗಂಟೆಗಳ ನಂತರ ಶುರುವಾಗಬಹುದು. ಆಮೇಲೆ ಮುಖ, ಕೈಕಾಲು ಮರಗಟ್ಟುತ್ತವೆ. ತಲೆ ತಿರುಗುವುದು, ವಾಂತಿ, ಮಾತು ತೊದಲುವುದು, ನಡಿಗೆ ತಪ್ಪುವುದು ಬರುತ್ತದೆ. ಕೊನೆಗೆ ಉಸಿರಾಟ ಸೋಲುತ್ತದೆ. ಸಾವು ಬರುವುದಾದರೆ ಸಾಮಾನ್ಯವಾಗಿ ಮೊದಲ ಕೆಲವೇ ಗಂಟೆಗಳಲ್ಲಿ.

ಮೊದಲ ಜುಮ್ಮಿಗೇ ಆಂಬುಲೆನ್ಸ್ ಕರೆಯಿರಿ. "ಸ್ವಲ್ಪ ಹೊತ್ತು ನೋಡೋಣ" ಅಂದುಕೊಳ್ಳುವುದೇ ಇಲ್ಲಿ ದೊಡ್ಡ ತಪ್ಪು. ಫೋನಿನಲ್ಲೇ "ಪಫರ್ ಮೀನು ತಿಂದಿದ್ದಾರೆ, ಉಸಿರಾಟ ನಿಲ್ಲಬಹುದು" ಅಂತ ಸ್ಪಷ್ಟವಾಗಿ ಹೇಳಿ. ವೆಂಟಿಲೇಟರ್, ಅಂದರೆ ಯಂತ್ರದಿಂದ ಉಸಿರಾಡಿಸುವ ಸೌಲಭ್ಯ ಇರುವ ಆಸ್ಪತ್ರೆಗೇ ಹೋಗಬೇಕು. ಅದೇ ಊಟ ಮಾಡಿದ ಎಲ್ಲರನ್ನೂ ಕರೆದುಕೊಂಡು ಹೋಗಿ, ಅವರಿಗೆ ಇನ್ನೂ ಏನೂ ಆಗಿರದಿದ್ದರೂ ಸರಿ. ಉಳಿದ ಮೀನು, ಸಾರು, ತಲೆ, ಚರ್ಮ ಏನಿದ್ದರೂ ಚೀಲದಲ್ಲಿ ಕಟ್ಟಿ ಜೊತೆಗೆ ಒಯ್ಯಿರಿ. ಮೀನಿನ ಫೋಟೊ ಇದ್ದರೆ ವೈದ್ಯರಿಗೆ ತೋರಿಸಿ.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ನುಂಗುವ ಶಕ್ತಿ ಕುಂದುತ್ತಿರುವವರಿಗೆ ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ನೀರು, ಹಾಲು, ಮನೆಮದ್ದು ಏನನ್ನೂ ಕುಡಿಸಬೇಡಿ. ತಾನಾಗಿ ವಾಂತಿ ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಉಸಿರು ನಿಂತರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ. ನಾಡಿಯೂ ಸಿಗದಿದ್ದರೆ ಎದೆ ಒತ್ತಲು ಶುರು ಮಾಡಿ. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ.

ಈ ವಿಷಕ್ಕೆ ಪ್ರತಿವಿಷ ಇಲ್ಲ. ಆಸ್ಪತ್ರೆಯವರು ಮಾಡುವುದು ಉಸಿರಾಡಿಸುತ್ತಾ, ರಕ್ತದೊತ್ತಡ ಕಾಯುತ್ತಾ, ದೇಹವೇ ವಿಷವನ್ನು ಹೊರಹಾಕುವವರೆಗೆ ಕಾಯುವುದು. ಬೇಗ ಬಂದವರಿಗೆ ಹೊಟ್ಟೆಯಲ್ಲಿನ ವಿಷ ಹೀರಲು ಇದ್ದಿಲಿನ ಔಷಧ ಕೊಡಬಹುದು. ಮೊದಲ 24 ಗಂಟೆ ದಾಟಿದವರು ಸಾಮಾನ್ಯವಾಗಿ ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಅದಕ್ಕೇ ಕೈಚೆಲ್ಲಬಾರದು. ರೋಗಿಯ ಕಣ್ಣು ಅಲುಗದೆ, ಮೈ ಆಡದೆ, ಸತ್ತೇಹೋದರು ಅನ್ನಿಸುವ ಹಾಗಿದ್ದರೂ ಒಳಗೆ ಎಲ್ಲ ಕೇಳಿಸುತ್ತಿರಬಹುದು. ಅವರ ಎದುರು ಅಳಬೇಡಿ, "ಹೋಗಿಬಿಟ್ರು" ಅನ್ನಬೇಡಿ. ಕೈ ಹಿಡಿದು, ಹೆಸರು ಕರೆದು, ಈಗ ಏನು ಮಾಡುತ್ತಿದ್ದೇವೆ, ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಹೇಳುತ್ತಾ ಇರಿ.